ಬೇಲಿಯಲ್ಲಿ ಅಡಗಿದ ಕ್ವಾರಿ

ಇದೆಲ್ಲ ನಾನು ಹೇಳುವ ಹಾಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಹೋದ ವರ್ಷದ ಬೇಸಿಗೆ. ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ರೈಲಿನಲ್ಲಿ ತೂಕಡಿಸಿರಲೂಬಹುದು.

ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೆ. ಸಂಶೋಧನೆಗೆ ಸೇರಲು, ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯೊಂದನ್ನು ಪಾಸು ಮಾಡಬೇಕಿತ್ತು. ಎರಡು ಸಲ ಫೇಲಾಗಿದ್ದೆ. ಮೂರನೆಯದೇ ಕೊನೆಯ ಅವಕಾಶ. ರಟ್ಟಿನ ಚೀಟಿಗಳ ಒಂದು ಬದಿಗೆ ಇಂಗ್ಲಿಷ್ ಶಬ್ದ, ಇನ್ನೊಂದು ಬದಿಗೆ ಕನ್ನಡ ಅರ್ಥ ಬರೆದು, ಸಾವಿರದಷ್ಟು ಬಾಯಿಪಾಠ ಮಾಡಿದ್ದೆ.

ಪರೀಕ್ಷೆಯ ದಿನ ಸೇಡಂನಿಂದ ಕಲಬುರಗಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೊರಟೆ. ಎದುರಿಗಿದ್ದ ಮುದುಕಿ ಚಿತ್ತಾಪುರದಲ್ಲಿ ಹತ್ತಿದಳೋ ವಾಡಿಯಲ್ಲೋ, ನೆನಪಿಲ್ಲ. ಶಹಾಬಾದ ಇನ್ನೂ ದೂರವಿರುವಾಗ ಗಾಡಿ ನಿಂತುಬಿಟ್ಟಿತು. ಕಿಟಕಿಯಾಚೆ ಒಟ್ಟಿದ, ನೆಲಕ್ಕೆ ಹಾಸುವ ಫರಸಿ ಕಲ್ಲುಗಳು ಬಿಸಿಲಲ್ಲಿ ಕೆರೆಯ ನೀರಿನಂತೆ ಅಲುಗುತ್ತಿದ್ದವು. ಡಬ್ಬಿಯಲ್ಲಿ ಎಲ್ಲರ ಮಾತೂ ನಿಂತಿತ್ತು, ನನ್ನ ಗುಣುಗುಣು ಒಂದನ್ನು ಬಿಟ್ಟು.

"ಆಗಿಂದ ಏನ್ ಮಂತ್ರ ಹೇಳಲಿಕತ್ತೀದಿ, ತಮ್ಮಾ?" ಎಂದಳು.

"ಇಂಗ್ಲಿಷ್ ಶಬ್ದ, ಆಯಿ. ಮಧ್ಯಾಹ್ನ ಪರೀಕ್ಷಾ ಅದ."

"ಒಂದ್ ಹೇಳು, ನಾನೂ ಕೇಳ್ತೀನಿ."

ಕೈಯಲ್ಲಿದ್ದ ಅಭ್ಯಾಸದ ಹಾಳೆಯ ಎರಡು ಸಾಲನ್ನು, 'ಕ್ವಾರಿ' ಎಂಬ ಶಬ್ದವೊಂದನ್ನು ಹಾಗೆಯೇ ಬಿಟ್ಟು, ಕನ್ನಡದಲ್ಲಿ ಹೇಳಿದೆ. "ನಾಯಿ ದಿನ ಪೂರಾ ಕ್ವಾರಿ ಬೆನ್ನ ಹತ್ತಿತ್ತು. ಸಂಜೀಕ ಕ್ವಾರಿ ಬೇಲ್ಯಾಗ ಅಡಗಿತು."

"ಯಾವ ಕ್ವಾರಿ?"

"ಕಲ್ಲಿನ ಕ್ವಾರಿ. ಶಹಾಬಾದದಾಗ ಅದಾವಲ್ಲ, ಅವೇ."

ಸೆರಗು ಬಾಯಿಗೆ ಹಿಡಿದು ನಕ್ಕಳು. "ನಮ್ಮ ಮನ್ಯಾಂವಗ ಇಪ್ಪತ್ತ್ ವರ್ಷ ಕ್ವಾರಿಗಿ ಬುತ್ತಿ ಒಯ್ದೀನಪಾ. ಒಂದಿನಾನೂ ಅದು ಎದ್ದು ಓಡಿಲ್ಲ."

"ಪುಸ್ತಕದಾಗ ಹಂಗೇ ಅದ, ಆಯಿ."

"ಇರಲಿ. ಓಡ್ತದ, ಅಡಗ್ತದ, ನಾಯಿ ಬೆನ್ನ ಹತ್ತೇದ. ಮೊಲಾ ಇರಬೇಕು. ಬರೇ ಹೆಸರು ಹಿಡ್ಕೊಂಡು ಕುಂತೀದಿ. ಅದು ಏನ್ ಮಾಡಲಿಕತ್ತದ ಅಂತ ನೋಡಬಾರದಾ?"

ಫೋನಿನ ನಿಘಂಟು ತೆರೆದೆ. ಎರಡನೆಯ ಅರ್ಥ: ಬೇಟೆಯ ಪ್ರಾಣಿ. ನನ್ನ ಚೀಟಿಯಲ್ಲಿ ಕಲ್ಲುಗಣಿ ಎಂಬ ಒಂದೇ ಅರ್ಥವಿತ್ತು. ತಲೆ ಎತ್ತಿದಾಗ ಗಾಡಿ ಓಡುತ್ತಿತ್ತು, ಶಹಾಬಾದ ಹಿಂದೆ ಉಳಿದಿತ್ತು, ಎದುರಿನ ಸೀಟು ಖಾಲಿ. ಅವಳು ಇಳಿದದ್ದನ್ನು ನಾನು ನೋಡಲಿಲ್ಲ.

ಕಂಪ್ಯೂಟರಿನ ಮೇಲೆ ನಡೆದ ಪರೀಕ್ಷೆಯಲ್ಲಿ ಒಂದು ಹಳ್ಳಿಯ ವರ್ಣನೆ ಬಂತು. ಕೊಯ್ಲು ಮುಗಿದಿದೆ, ಒಡೆಯ ರಾಶಿ ಮನೆಗೆ ಸಾಗಿಸಿದ್ದಾನೆ, ಬುಟ್ಟಿ ಹಿಡಿದ ಹೆಂಗಸರು ಬಗ್ಗಿಕೊಂಡು ಹೊಲದಲ್ಲಿ 'ಗ್ಲೀನ್' ಮಾಡುತ್ತಿದ್ದಾರೆ. ಆ ಶಬ್ದದ ಅರ್ಥವೇನೆಂಬುದು ಪ್ರಶ್ನೆ. ಅದು ನನ್ನ ಸಾವಿರದಲ್ಲಿ ಇರಲಿಲ್ಲ. 'ಗ್ಲೀಮ್' ಇತ್ತು, ಹೊಳೆಯುವುದು. 'ಹೊಳೆದರು' ಎಂಬ ಉತ್ತರವೂ ಪರದೆಯ ಮೇಲೆ ಸಿದ್ಧವಾಗಿತ್ತು. ಒತ್ತಲು ಹೋದವನು ಕೈ ತಡೆದೆ. ಬುಟ್ಟಿ ಹಿಡಿದು, ಬಗ್ಗಿ, ಯಾರಾದರೂ ಹೊಳೆಯುತ್ತಾರೆಯೆ? ಆಗ ನಮ್ಮೂರು ಆಡಕಿಯ ಹೊಲ ಕಣ್ಣಿಗೆ ಬಂತು. ತೊಗರಿ ಕಿತ್ತ ಮೇಲೆ ನಮ್ಮವ್ವ ಹೀಗೆಯೇ ಬಗ್ಗಿ, ಉದುರಿದ ಕಾಯಿ ಆರಿಸುತ್ತಿದ್ದಳು. ನಮ್ಮ ಕಡೆ ಅದಕ್ಕೆ ಹಕ್ಕಲು ಆಯುವುದು ಎನ್ನುತ್ತಾರೆ. 'ಉಳಿದದ್ದನ್ನು ಆರಿಸಿದರು' ಎಂಬುದನ್ನು ಒತ್ತಿದೆ.

ಈಗಲೂ ಗೊತ್ತಿಲ್ಲದ ಶಬ್ದ ಕಂಡರೆ, ಅದು ಅಲ್ಲಿ ಏನು ಮಾಡುತ್ತಿದೆ ಎಂದು ಮೊದಲು ನೋಡುತ್ತೇನೆ. ಮುದುಕಿ ಇದನ್ನು ಇಷ್ಟು ಚೊಕ್ಕವಾಗಿ ಹೇಳಿದ್ದಳೋ, ನಾನೇ ಆಮೇಲೆ ಅವಳ ಬಾಯಿಗೆ ತುಂಬಿದೆನೋ, ಹೇಳಲಾರೆ. ಪಾಸಾಗಲು ಬೇಕಾದಷ್ಟೇ ಅಂಕ ಬಂದಿತ್ತು, ಒಂದೂ ಹೆಚ್ಚಿಲ್ಲ. ಸರಿಯುತ್ತರಗಳ ಪಟ್ಟಿ ಬಂದ ದಿನ ಅದೊಂದನ್ನು ಮಾತ್ರ ಹುಡುಕಿ ನೋಡಿದೆ. ಹಕ್ಕಲಿನ ಪ್ರಶ್ನೆಗೆ ನಾನು ಒತ್ತಿದ ಉತ್ತರ ಸರಿಯಾಗಿತ್ತು.