ಟೆಂಟಿನಲ್ಲಿ ಕೂಗಿದ ಹೆಸರು

ಶಕುನ, ಕನಸಿನ ಸೂಚನೆ ಎಂದೆಲ್ಲ ನಂಬುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಮಸ್ಕಿಯ ಟೂರಿಂಗ್ ಟಾಕೀಸಿಗೆ ಇಂಗ್ಲಿಷ್ ಸಿನಿಮಾ ಬಂದರೆ ಪರದೆಯ ಪಕ್ಕ ಮೈಕು ಹಿಡಿದು ನಿಂತು ಕತೆಯನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ತಿಳಿಯದ ಕಡೆ ನಾನೇ ಕತೆ ಕಟ್ಟುತ್ತಿದ್ದೆ, ಪಾತ್ರಗಳಿಗೆ ನಮ್ಮ ಕಡೆಯ ಹೆಸರಿಡುತ್ತಿದ್ದೆ. ಬಿಳಿಯ ದೊರೆಸಾನಿ ನನ್ನ ಬಾಯಲ್ಲಿ ಹುಲಿಗೆಮ್ಮ ಆಗುತ್ತಿದ್ದಳು. ಜನಕ್ಕೂ ಅದೇ ಬೇಕಿತ್ತು.

ಅಂದಿನದು ತೀರ ಅಗ್ಗದ ಸಿನಿಮಾ. ಮುಂದೆಂದೋ ಬರುವ ಕಾಲದ ಕತೆಯಂತೆ. ಪಟ್ಟಣವೆಲ್ಲ ರಟ್ಟಿನದು, ಕಾವಲುಗಾರರ ತಲೆಯ ಮೇಲೆ ಡಬ್ಬಿಯಂಥ ಟೊಪ್ಪಿಗೆ. ಹಿರಿಯರು ನೀರಿಗೆ ಬೀಗ ಹಾಕಿರುತ್ತಾರೆ. ಮೀಸೆ ಚಿಗುರದ ಹುಡುಗರು ತಿರುಗಿಬಿದ್ದು, ಸಿಕ್ಕ ಕಾವಲುಗಾರರನ್ನೆಲ್ಲ ಸಲಾಕೆಯಿಂದ ಬಡಿಯುತ್ತ ಹೋಗುತ್ತಾರೆ. ತಲೆ ಒಡೆದಾಗೆಲ್ಲ ಟೆಂಟಿನ ಜನ ಎದ್ದು ನಿಂತು, "ಹಾಕಲೇ, ಇನ್ನೊಂದು ಹಾಕು" ಎನ್ನುತ್ತಿದ್ದರು. ನೀರಿನ ಸಿಟ್ಟು ಅವರಿಗೂ ಇತ್ತು.

ನನ್ನ ತಮ್ಮ ಅಮರೇಶ ತುರ್ವಿಹಾಳದ ಕಡೆ ಕಾಲುವೆಯ ಲಸ್ಕರ್, ಗೇಟು ಕಾಯುವವನು. ಗೇಟಿನ ಕೀಲಿ ಅವನ ಹತ್ತಿರವೇ ಇರುತ್ತಿತ್ತು. ಮೇಲಿನ ಊರಿನವರ ಸರದಿ ಮುಗಿದರೂ ತಮಗೆ ನೀರು ಬಿಡಲಿಲ್ಲವೆಂದು ಕೊನೆಯ ಭಾಗದ ಊರಿನ ಹುಡುಗರು ಅವನಿಗೆ ಕೈ ಕಡಿಯುವುದಾಗಿ ಹೇಳಿಹೋಗಿದ್ದರು. "ನೌಕರಿ ಬಿಡಿಸಿ ಅವನ್ನ ಮನಿಗೆ ಕರಕೊಂಡು ಬಾ" ಎಂದು ಅವ್ವ ದಿನಾ ಗೋಗರೆಯುತ್ತಿದ್ದಳು.

ಪರದೆಯ ಮೇಲೆ ಒಬ್ಬ ಕಾವಲುಗಾರ ನೀರಿನ ಚಕ್ರ ತಿರುಗಿಸುತ್ತಿದ್ದ. ಅವನಿಗೆ ನಾನು ದುರುಗಪ್ಪ ಎಂದು ಹೆಸರಿಟ್ಟಿದ್ದೆ. ಹಿಂದಿನಿಂದ ಒಬ್ಬ ಹುಡುಗ ಸಲಾಕೆ ಎತ್ತಿದ. ನನ್ನ ಬಾಯಿಂದ ಬಂದದ್ದು ಬೇರೆಯೇ: "ಲೇ ಅಮರೇಶ, ಬಗ್ಗು."

ಜನ ಗೊಳ್ಳೆಂದು ನಕ್ಕರು. ಕಾವಲುಗಾರ ಬಗ್ಗಲಿಲ್ಲ, ಸತ್ತ. ನಾನು ಮೈಕು ಕೆಳಗಿಳಿಸಿದೆ. ಟೆಂಟಿನ ಸಾಹುಕಾರ ಓಡಿಬಂದು, "ಯಾಕ್ರೀ, ಕತಿ ನಿಲ್ಲಿಸಿಬಿಟ್ರಿ?" ಎಂದ. ನಾನು ಮೈಕು ಅವನ ಕೈಗೆ ಕೊಟ್ಟು ಹೊರಗೆ ಬಂದು ಕುಳಿತೆ. ಭಯವಾಗಿತ್ತು, ಅಳು ಬರಲಿಲ್ಲ.

ಅದೇ ಹೊತ್ತಿಗೆ ಅತ್ತ ತುರ್ವಿಹಾಳದ ಕಡೆ ನಾಲ್ಕು ಹುಡುಗರು ಕಾಲುವೆಯ ಗೇಟಿಗೆ ನುಗ್ಗಿದ್ದರು. ಕುತ್ತಿಗೆಗೆ ಬೀಸಿದ ಕೊಡಲಿ ಅಮರೇಶನ ಹೆಗಲಿಗೆ ಬಿದ್ದು ಎಲುಬಿನವರೆಗೂ ಇಳಿದಿತ್ತು. ಮೊಣಕಾಲು ಕಲ್ಲಿನಿಂದ ಜಜ್ಜಿ, ಕೀಲಿ ಕಿತ್ತುಕೊಂಡು, ಸತ್ತನೆಂದು ಏರಿಯ ಮೇಲೆ ಬಿಟ್ಟುಹೋಗಿದ್ದರು. ಆ ಹುಡುಗರು ಸಿನಿಮಾ ನೋಡಿಯೇ ಇರಲಿಲ್ಲ.

ಮರುದಿನ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟಿದ ಅವನ ಕೈ ಹಿಡಿದು ಮಗುವಿನಂತೆ ಅತ್ತೆ. ಸಂಜೆಗೆ ಅವನು ಕಣ್ಣು ಬಿಟ್ಟ.

"ಸಾಕು ಬಿಡಣ್ಣ, ಎಷ್ಟು ಅಳ್ತಿ" ಎಂದ. "ನಿನ್ನೆ ನೀ ಬಗ್ಗು ಅಂದಿ, ಬಗ್ಗಿದೆ. ಆಮ್ಯಾಲೂ ಬೆಳತನಕ ಮಗ್ಗಲಾಗ ಕುಂತು, ಹಿಂಗ ಕೈ ಹಿಡಕೊಂಡು ಅಳಾಕತ್ತಿದ್ದಿ. ಅದಕ್ಕ ಜೀವ ಹಿಡಕೊಂಡೆ."

ಬೆಳಗಿನವರೆಗೆ ನಾನು ಮಸ್ಕಿಯಲ್ಲಿದ್ದೆ. ಆ ಏರಿಯ ಮೇಲೆ ಬೇರೆ ಯಾರೂ ಇರಲಿಲ್ಲ. ನನಗೆ ಇಂದಿಗೂ ಇದು ಬಗೆಹರಿದಿಲ್ಲ. ಮುದುಕನಾದ ಅಮರೇಶ ಈಗಲೂ ಒಮ್ಮೊಮ್ಮೆ, "ಅವತ್ತು ನೀನ ಅಲ್ಲೇನಣ್ಣ?" ಎಂದು ಕೇಳುತ್ತಾನೆ. "ಹೂಂ, ನಾನ" ಎನ್ನುತ್ತೇನೆ.