ಅಳತೆ ರವಿಕೆ

ಮದರಾಸಿನ ತಿರುವಲ್ಲಿಕ್ಕೇಣಿಯ ನಮ್ಮ ವಠಾರದಲ್ಲಿ ಬದರಿನಾಥರಾಯರ ಮನೆ ಬಾವಿಯ ಪಕ್ಕದ್ದು, ನಮ್ಮದು ಅದರ ಎದುರಿಗೆ. ಅವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಅವರು ಜಗಳವಾಡಿದರೆ ನಾವು ಮಾತು ನಿಲ್ಲಿಸುತ್ತಿದ್ದೆವು, ಸರಿಯಾಗಿ ಕೇಳಿಸಲಿ ಎಂದು. ಹೀಗಾಗಿ ರಾಯರ ದೊಡ್ಡ ಮಗಳು ವಿನೋದಾಳ ಮದುವೆಯ ಕಥೆಯನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ವಿನೋದಾ ವಿಮೆ ಆಫೀಸಿನಲ್ಲಿ ಗುಮಾಸ್ತೆ. ಬೆಳಿಗ್ಗೆ ನೀರು ಸೇದಿ, ತಂಗಿ ಸುಮತಿಯ ಜಡೆ ಹೆಣೆದು, ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಸಂಜೆ ಅಪ್ಪನ ಮಾತ್ರೆಯನ್ನೂ ಅಮ್ಮನ ಮಲ್ಲಿಗೆಯನ್ನೂ ಹಿಡಿದು ಬರುತ್ತಿದ್ದಳು. ಸಂಬಳದ ದಿನ ಅವಳ ಮೈ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಮಾತ್ರ ಅವಳು ದಪ್ಪ. ಅವಳ ಅಜ್ಜಿಯೂ ಅಷ್ಟೇ ಇದ್ದವರು. ಅವರ ಕಾಲದಲ್ಲಿ ಅದಕ್ಕೆ ಲಕ್ಷಣ ಎನ್ನುತ್ತಿದ್ದರು.

ಎಪ್ಪತ್ತೆಂಟನೇ ಇಸವಿಯಲ್ಲಿ ಮಾಂಬಲದ ಗೋದಾಬಾಯಿ ತಮ್ಮ ಎರಡನೇ ಮಗ ಕಮಲಾಕರನಿಗೆ ಅವಳನ್ನು ನೋಡಲು ಬಂದರು. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಮದರಾಸಿನ ಆ ಸೆಖೆಯಲ್ಲೂ ಕೋಟು ತೊಟ್ಟು ಬಂದು ಬೆವರೊರೆಸಿಕೊಳ್ಳುತ್ತಾ ಕೂತಿದ್ದ. ರಾಯರಿಗೆ ಅದೇ ದೊಡ್ಡ ಮರ್ಯಾದೆಯಾಗಿ ಕಂಡಿತು.

ಗೋದಾಬಾಯಿ ಮೂರನೇ ಬೋಂಡಾ ಮುರಿಯುತ್ತಾ ಹೇಳಿದರು: "ಹುಡುಗಿ ಒಪ್ಪಿಗೆ. ಆದ್ರೆ ಕೊಂಚ ಪುಷ್ಟಿ. ಮದುವೆ ಹೊತ್ತಿಗೆ ಒಂದಿಷ್ಟು ಇಳಿದ್ರೆ ಫೋಟೋಕ್ಕೆ ಚೆನ್ನಾಗಿರತ್ತೆ."

"ಇಳೀತಾಳೆ, ಇಳೀತಾಳೆ," ಎಂದರು ವಿನೋದಾಳ ತಾಯಿ ಅಂಬುಜಾ, ಮಗಳು ಯಾವುದೋ ಬಸ್ಸು ಹತ್ತಿ ಕೂತಿರುವ ಹಾಗೆ.

ಹೊರಡುವಾಗ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದುಳಿದ ಕಮಲಾಕರ ವಿನೋದಾಳನ್ನು ಒಂದೇ ಮಾತು ಕೇಳಿದ: "ನಿಮಗೆ ಬೆಳಿಗ್ಗೆ ಬಸ್ಸಲ್ಲಿ ಸೀಟು ಸಿಗತ್ತಾ?" ಅದುವರೆಗೆ ಬಂದಿದ್ದ ಗಂಡುಗಳೆಲ್ಲ ಹಾಡು ಬರುತ್ತದೆಯೇ, ಸಂಬಳವೆಷ್ಟು ಎಂದು ಕೇಳಿ ಹೋದವರು. ಅವಳು ಸೀಟಿನಲ್ಲಿ ಕೂತಳೋ ನಿಂತಳೋ ಎಂದು ಮನೆಯವರೂ ಕೇಳಿದ್ದಿಲ್ಲ. ಆ ವಾರವೆಲ್ಲ ಬಾವಿಕಟ್ಟೆಯಲ್ಲಿ ಹುಡುಗಿ ಒಬ್ಬಳೇ ನಗುತ್ತಿದ್ದಳು. ಈ ಸಂಬಂಧ ಅವಳಿಗೆ ಬೇಕಾಗಿತ್ತು, ಅದಕ್ಕೇ ಮುಂದಿನದನ್ನೆಲ್ಲ ಬಾಯಿ ಮುಚ್ಚಿಕೊಂಡು ಸಹಿಸಿದಳು.

ಬಾಯಿ ಮುಚ್ಚಿಸುವ ಕೆಲಸ ಮರುದಿನವೇ ಶುರುವಾಯಿತು. ರಾಯರು ಕೊತ್ತವಾಲ್ ಚಾವಡಿಯ ತರಕಾರಿ ಮಾರ್ಕೆಟ್ಟಿನಿಂದ ಬೂದುಗುಂಬಳ ಹೊತ್ತು ತಂದರು. ಬೆಳಿಗ್ಗೆ ಅದರ ರಸ, ಮಧ್ಯಾಹ್ನ ಬಾಳೆದಿಂಡಿನ ಕೋಸಂಬರಿ, ರಾತ್ರಿ ಒಂದು ಒಣ ಚಪಾತಿ. ಅದನ್ನು ಅವಳ ಮುಂದಿಟ್ಟು ಉಳಿದವರು ಪಕ್ಕದಲ್ಲೇ ಕೂತು ತುಪ್ಪ ಹಾಕಿ ಹುಳಿಯನ್ನ ಕಲಸುತ್ತಿದ್ದರು.

"ಅಮ್ಮಾ, ಪಾವಮ್ಮಾ ಅಕ್ಕಾ," ಎಂದಳು ಸುಮತಿ. ಅವಳು ಓದಿದ್ದೆಲ್ಲ ಇಲ್ಲಿಯ ಸ್ಕೂಲಿನಲ್ಲಿ, ಮನೆಯಲ್ಲೂ ಅರ್ಧ ತಮಿಳು.

"ಪಾಪವೂ ಇಲ್ಲ, ಪುಣ್ಯವೂ ಇಲ್ಲ. ನೀನು ಚುಮ್ಮಾ ಇರು," ಎಂದರು ಅಂಬುಜಾ.

ಧಾರೆ ಸೀರೆ ಆರಿಸಲು ಎರಡೂ ಕಡೆಯವರು ಸೌಕಾರ್‌ಪೇಟೆಗೆ ಹೋದೆವು. ಒಂಬತ್ತು ಗಜದ ಕಚ್ಚೆ ಸೀರೆ ಕೊಳ್ಳುವಾಗ ಜೊತೆಗೊಬ್ಬ ಮುದುಕಿ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಅಂಗಡಿಯವನು ಬಿಳಿ ಹಾಸಿಗೆಯ ಮೇಲೆ ನಮ್ಮನ್ನೆಲ್ಲ ಕೂರಿಸಿ, ವಿನೋದಾಳನ್ನು ಮಾತ್ರ ನಿಲ್ಲಿಸಿ, ಅವಳ ಹೆಗಲ ಮೇಲೆ ಒಂದೊಂದೇ ಸೀರೆ ಹರವತೊಡಗಿದ.

"ದೊಡ್ಡ ಚೌಕಳಿ ಬೇಡಪ್ಪಾ. ಕಾಂಪೌಂಡ್ ಗೋಡೆ ಥರ ಕಾಣತ್ತೆ," ಎಂದರು ಗೋದಾಬಾಯಿ.

"ಇದ ಕಟ್ಟಿನಾ ಒಲ್ಲಿಯಾ ತೆರಿವಾಂಗಮ್ಮಾ," ಎಂದ ಅವನು. ಉಟ್ಟರೆ ತೆಳ್ಳಗೆ ಕಾಣುತ್ತಾಳಂತೆ. ಅವನು ತೆಗೆದ ಪ್ರತಿ ಸೀರೆಗೂ ಆ ಗುಣವಿತ್ತು. ಬೆಲೆ ಏರಿದಷ್ಟೂ ಹುಡುಗಿ ಇಳಿಯುತ್ತಿದ್ದಳು.

"ಕಪ್ಪು ಅಂಚಾದ್ರೆ ಇನ್ನೂ ಸಣ್ಣ ಕಾಣ್ತಾಳಂತೆ," ಎಂದು ಅಂಬುಜಾ ಬಾಯಿ ತೆಗೆದರು.

"ಧಾರೆಗೆ ಕಪ್ಪೇ? ನಿಮ್ಮಲ್ಲಿ ಹಾಗೆಲ್ಲ ಉಡ್ತಾರೇನ್ರೀ?" ಎಂದರು ಗೋದಾಬಾಯಿ.

ಎದುರಿನ ಅಂಗಡಿಯಲ್ಲಿ ಜಿಲೇಬಿ ಕರಿಯುತ್ತಿದ್ದರು. ಸೌತೆಕಾಯಿ ತಿಂದು ಬಂದಿದ್ದ ವಿನೋದಾಳ ಕಣ್ಣು ಸೀರೆ ಬಿಟ್ಟು ಅತ್ತಲೇ ಹೋಗುತ್ತಿತ್ತು. ಅಂಗಡಿಯವನು ಎಲ್ಲರಿಗೂ ಕಲರ್ ಸೋಡಾ ತರಿಸಿದ. "ಅವಳಿಗೆ ಬೇಡ," ಎಂದು ಅಂಬುಜಾ ತಮ್ಮದನ್ನೂ ಕುಡಿದರು, ಮಗಳದನ್ನೂ ಕುಡಿದರು. ಕೊನೆಗೆ ಅರಗಿನ ಬಣ್ಣದ, ಸಣ್ಣ ಅಂಚಿನ ಸೀರೆ ಗೊತ್ತಾಯಿತು. ಯಾವುದು ಇಷ್ಟ ಎಂದು ಉಡುವವಳನ್ನು ಕೇಳುವುದು ಎಲ್ಲರಿಗೂ ಮರೆತುಹೋಗಿತ್ತು.

ಸೀರೆಗೇನು, ಹೆಚ್ಚಿದರೆ ಒಂದು ನೆರಿಗೆ ಕಮ್ಮಿ, ಇಳಿದರೆ ಒಂದು ನೆರಿಗೆ ಜಾಸ್ತಿ. ತಕರಾರು ರವಿಕೆಯದು. ಧಾರೆ ಸೀರೆಯ ರವಿಕೆಯನ್ನು ತಾವೇ ಹೊಲಿಸಿ ತಟ್ಟೆಯಲ್ಲಿಟ್ಟು ತರುವುದು ಗೋದಾಬಾಯಿಯ ಮನೆಯ ಪದ್ಧತಿ. ಮದುವೆಯ ಹಿಂದಿನ ಸಂಜೆ ವರನನ್ನು ಕಾರಿನಲ್ಲಿ ಮೆರೆಸುವ ಜಾನವಾಸಕ್ಕೆ ಸೂಟು ಹೊಲಿಸುವುದು ಹೆಣ್ಣಿನ ಕಡೆಯವರ ಪಾಲು. ಆದ್ದರಿಂದ ಮಾಂಬಲದಿಂದ ಅಳತೆಗೆ ಒಂದು ಕೋಟು ಬಂತು. ನಮ್ಮ ಕಡೆಯಿಂದ ಅಳತೆಗೆ ಒಂದು ರವಿಕೆ ಹೋಗಬೇಕು.

ವಿನೋದಾ ತನ್ನ ಆಫೀಸಿನ ರವಿಕೆ ಮಡಿಸಿ ಕೊಟ್ಟಳು. ಅಂಬುಜಾ ಅದನ್ನು ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಇದನ್ನು ಆ ಗೋದಾಬಾಯಿ ನೋಡಿದ್ರೆ ಊರಿಗೆಲ್ಲ ತೋರಿಸ್ತಾಳೆ," ಎಂದು ಒಳಗಿಟ್ಟು, ಸುಮತಿಯ ರವಿಕೆ ತೆಗೆದು ಕವರಿಗೆ ಹಾಕಿದರು.

"ಅಮ್ಮ, ಅದು ನನ್ನ ಮೊಣಕೈ ದಾಟಲ್ಲ."

"ಮದುವೆಗೆ ಇನ್ನೂ ಎರಡು ತಿಂಗಳಿದೆ ಕಣೇ. ಅಷ್ಟರಲ್ಲಿ ದಾಟತ್ತೆ."

ಅಲ್ಲಿಂದ ಮುಂದೆ ಹುಡುಗಿ ಪಟ್ಟ ಪಾಡು ತನಗಾಗಿ ಅಲ್ಲ, ಗೋದಾಬಾಯಿಗಾಗಿಯೂ ಅಲ್ಲ. ಅಮ್ಮ ಕಳಿಸಿದ ಸುಳ್ಳಿನೊಳಗೆ ತೂರಿಕೊಳ್ಳುವುದಕ್ಕಾಗಿ. ಅದು ತಿಳಿದುಹೋದರೆ ಇವರ ಮನೆಯಲ್ಲಿ ಎಲ್ಲವೂ ಹೀಗೇ ಎಂದು ಅವರು ಎದ್ದು ಹೋದಾರು, ಬಸ್ಸಿನ ಸೀಟು ಕೇಳಿದವನೂ ಅವರ ಜೊತೆಯಲ್ಲೇ ಹೋದಾನು ಎಂಬ ಹೆದರಿಕೆ ಅವಳಿಗೆ. ಬೆಳಗಿನ ಜಾವ ಸಮುದ್ರದ ದಂಡೆಗೆ ನಡೆದು ಬರುತ್ತಿದ್ದಳು. ನಿಜವಾಗಿಯೂ ಕೊಂಚ ಇಳಿದಳು. ಕೆನ್ನೆ ಬತ್ತಿತು.

ಅಷ್ಟರಲ್ಲಿ ನೆಂಟರು ಊಟಕ್ಕೆ ಕರೆಯತೊಡಗಿದರು. ಮದುವೆ ಗೊತ್ತಾದ ಹುಡುಗಿಯನ್ನು ಒಬ್ಬೊಬ್ಬರೂ ಮನೆಗೆ ಕರೆದು, ಎಲೆ ತುಂಬ ಬಡಿಸಿ, ರವಿಕೆ ಕಣ ಕೊಟ್ಟು ಕಳಿಸಬೇಕಲ್ಲ. ಮೊದಲ ಸರದಿ ಗಿಂಡಿಯಲ್ಲಿದ್ದ ಅತ್ತೆ ಜಾನಕಮ್ಮನದು.

"ಏನೇ ಇದು, ಹೀಗೆ ಒಣಗಿದೀಯಾ? ಅತ್ತೆ ಮನೆಯೋರು ಏನಂದುಕೊಂಡಾರು! ಇನ್ನೊಂದು ಹೋಳಿಗೆ ಹಾಕಿಸ್ಕೋ."

"ಬೇಡ ಅತ್ತೆ, ಸಾಕು."

"ಮದುವಣಗಿತ್ತಿ ಎಲೇಲಿ ಬಿಟ್ಟು ಏಳಬಾರದು. ಅಪಶಕುನ."

ಬೇಡ ಎನ್ನಬಾರದು ಎಂದು ಅಂಬುಜಾ ಅಲ್ಲಿ ಕಣ್ಣು ಮಿಟುಕಿಸುವರು, ಮನೆಗೆ ಬಂದ ಮೇಲೆ "ಅಷ್ಟು ಹೋಳಿಗೆ ಹೇಗೆ ಹಿಡಿಸ್ತೇ ನಿಂಗೆ?" ಎಂದು ಸಿಡಿಯುವರು. ಇನ್ನೊಂದು ಮನೆ, ಮತ್ತೊಂದು ಮನೆ. ಪಾಯಸ, ಮಂಡಿಗೆ, ಚಿರೋಟಿ. ಬೂದುಗುಂಬಳ ಕರಗಿಸಿದ್ದನ್ನು ಬಂಧುಗಳು ಬಡ್ಡಿಸಮೇತ ತುಂಬಿಕೊಟ್ಟರು. ಪೆಟ್ಟಿಗೆಯಲ್ಲಿ ರವಿಕೆ ಕಣಗಳ ರಾಶಿ ಎದ್ದಿತು, ತೊಡಬೇಕಾದ ರವಿಕೆಯೊಂದು ಬಿಟ್ಟು.

ಜಾನವಾಸದ ಸಂಜೆ ಬಂತು. ವರ ಕಾರಿನಿಂದಿಳಿದಾಗ ಛತ್ರದ ಬಾಗಿಲಲ್ಲಿ ನಿಂತ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾಯರು ಹೊಲಿಸಿದ್ದ ಸೂಟಿನೊಳಗೆ ಕಮಲಾಕರ ಗೂಟಕ್ಕೆ ತಗುಲಿಹಾಕಿದ ಹಾಗಿದ್ದ. ತೋಳಿನ ತುದಿಯಲ್ಲಿ ಬೆರಳುಗಳಷ್ಟೇ ಕಾಣುತ್ತಿದ್ದವು. ಅವನು ತಿರುಗಿದಾಗ ನೋಡುತ್ತೇನೆ, ಕೋಟಿನ ಬೆನ್ನಿಗೆ ಮೇಲಿಂದ ಕೆಳಗೆ ಸಾಲಾಗಿ ಸೇಫ್ಟಿ ಪಿನ್ನು! ಅಳತೆಗೆ ಬಂದಿದ್ದು ಅವನ ಅಣ್ಣನ ಕೋಟು. ಹೆಣ್ಣು ನೋಡಲು ಬಂದಾಗ ತೊಟ್ಟದ್ದೂ ಅದೇ, ಒಳಗೊಂದು ಸ್ವೆಟರ್ ತುಂಬಿ. ಹುಡುಗ ಪೀಚು ಎಂದು ಯಾರೂ ಅನ್ನದಿರಲಿ ಎಂದು ಗೋದಾಬಾಯಿ ಮಾಡಿದ ಏರ್ಪಾಡು. ರಾಯರು ಗಂಟಲು ಸರಿಪಡಿಸಿಕೊಂಡು, "ಟೈಲರ್‌ಗಳೇ ಹೀಗೆ," ಎಂದರು. ಗೋದಾಬಾಯಿಯನ್ನು ಅನ್ನುವ ಮುಖ ಅಂಬುಜಾಗೆಲ್ಲಿ?

ಬೆಳಗಾಯಿತು. ಧಾರೆ ಸೀರೆ, ರವಿಕೆ ತಟ್ಟೆಯಲ್ಲಿ ಬಂದವು. ಕಚ್ಚೆ ಉಡಿಸಲು ನನ್ನನ್ನೂ ಒಳಗೆ ಕರೆದು, ಕೋಣೆಯ ಬಾಗಿಲು ಹಾಕಿಕೊಂಡು ಸುಮತಿ ಒಂದು ಕೈ, ಅಂಬುಜಾ ಒಂದು ಕೈ ಎಳೆದರು. ರವಿಕೆ ಹೇಗೋ ಹೆಗಲಿಗೇರಿತು. ಮುಂದಿನ ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಅಂತರ.

"ಉಸಿರು ಒಳಗೆ ಎಳಕೋ!"

"ಎಳಕೊಂಡೇ ಇದೀನಮ್ಮಾ, ಎರಡು ತಿಂಗಳಿಂದ."

ಪುರೋಹಿತರು ಹೊರಗಿನಿಂದ ಕೂಗಿದರು. ಹಿಂದೆಯೇ ಬಾಗಿಲು ತಳ್ಳಿಕೊಂಡು ಗೋದಾಬಾಯಿ ಬಂದರು.

"ನಿಮ್ಮ ಟೈಲರ್ ಕೆಡಿಸಿಬಿಟ್ಟಿದಾನೆ ನೋಡಿ," ಎಂದರು ಅಂಬುಜಾ.

"ನಮ್ಮ ಟೈಲರ್ ಒಂದು ಎಳೆ ಆಚೀಚೆ ಮಾಡೋನಲ್ಲ. ಅಳತೆಗೆ ಕಳಿಸಿದ್ದು ಯಾರ ರವಿಕೆ?"

ಅಂಬುಜಾ ನನ್ನನ್ನು ನೋಡಿದರು. ಸುಮತಿ ಫ್ಯಾನು ನೋಡಿದಳು.

"ಸುಮತೀದು ಅತ್ತೆ," ಎಂದಳು ವಿನೋದಾ.

"ತಾಳಿ ಕಟ್ಟೋಕ್ಕೆ ಮುಂಚೇನೇ ಸುಳ್ಳೇ? ಈಗ್ಲೇ ಹೊರಗೆ ಹೋಗಿ ನಾಲ್ಕು ಜನರ ಮುಂದೆ ಕೇಳ್ತೀನಿ!"

ಅಂಬುಜಾ ಅಳುವುದಕ್ಕೆ ಸೆರಗೆತ್ತಿದರು. ವಿನೋದಾ ಗೋದಾಬಾಯಿಯ ಕಡೆ ತಿರುಗಿದಳು. "ಕೇಳಿ ಅತ್ತೆ. ಹೋಗೋಕ್ಕೆ ಮುಂಚೆ ನಿನ್ನೆ ಕೋಟಿನ ಬೆನ್ನಿಗೆ ಹಾಕಿದ್ರಲ್ಲ, ಆ ಪಿನ್ನುಗಳಿದ್ರೆ ಕೊಟ್ಟು ಹೋಗಿ. ಇಲ್ಲೂ ಬೇಕು."

ಗೋದಾಬಾಯಿ ಬಾಗಿಲ ಬಳಿ ನಿಂತೇಬಿಟ್ಟರು. ಆಮೇಲೆ ಆಕೆ ಒಳಗೆ ಬಂದು ಚಿಲಕ ಹಾಕಿ, ಕೊರಳ ಸರಕ್ಕೆ ಸಿಕ್ಕಿಸಿದ್ದ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದರು.

"ಕತ್ತರಿ ಕೊಡಿ," ಎಂದರು ನನಗೆ. "ಬೆನ್ನು ಸೀಳಿದ್ರೆ ಮುಂದೆ ಗುಂಡಿ ಕೂಡತ್ತೆ. ಸೆರಗು ಹೊದ್ದರೆ ಯಾರಿಗೂ ಕಾಣಲ್ಲ." ಸೀಳಿ, ಒಳಗೊಂದು ಕಣ ಹೊದಿಸಿ, ಪಿನ್ನು ಚುಚ್ಚುತ್ತಾ ಗೊಣಗಿದರು: "ಬಾಯಿ ಜೋರಿದೆ ಹುಡುಗೀದು."

"ಅದು ನನ್ನದೇ ಅಳತೆ ಅತ್ತೆ," ಎಂದಳು ವಿನೋದಾ.

ಮುಹೂರ್ತ ಮೀರಲಿಲ್ಲ. ಸಂಜೆ ಆರತಕ್ಷತೆಯಲ್ಲಿ ಕಮಲಾಕರ ಮತ್ತೆ ಸೂಟು ತೊಟ್ಟ. ಪಿನ್ನುಗಳೆಲ್ಲ ಇನ್ನೂ ಧಾರೆ ಸೀರೆಯಲ್ಲೇ ಇದ್ದ ಹೆಂಡತಿಯ ಬೆನ್ನಲ್ಲಿದ್ದುದರಿಂದ ಕೋಟು ಅವನ ಮೈಮೇಲೆ ಹಾಯಿಯಂತೆ ಬಡಿದಾಡುತ್ತಿತ್ತು. ಫೋಟೋದವನು ಇಬ್ಬರನ್ನೂ ನಿಲ್ಲಿಸುವಷ್ಟರಲ್ಲಿ ವಿನೋದಾ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ನಕ್ಕು, ನೇರ ಊಟದ ಹಾಲಿಗೆ ಹೋಗಿ, ಉದ್ದನೆಯ ತೋಳಿನೊಳಗೆ ಅಡಗಿಸಿಕೊಂಡು ಎರಡು ಹೋಳಿಗೆ ತಂದ.

"ಫೋಟೋ ಆಗ್ಲಿ, ಆಮೇಲೆ ತಿನ್ನೇ!" ಎಂದು ಅಂಬುಜಾ ಕೂಗಿದರು.

ಫೋಟೋದಲ್ಲಿ ಅವಳ ಒಂದು ಕೆನ್ನೆ ಉಬ್ಬಿಕೊಂಡೇ ಇದೆ.