ರೇಲೀನ್ ನೀರಿಗಿಳಿದದ್ದು

ರೇಲೀನ್ ಟ್ರೆಗೆಂಜಾ ಮೂವತ್ತೊಂದು ವರ್ಷ ಕುರಿಯ ಉಣ್ಣೆ ಕತ್ತರಿಸುವ ತಂಡಗಳಿಗೆ ಅಡುಗೆ ಮಾಡಿದವಳು. ತಂಡ ಹೋದಲ್ಲಿಗೆಲ್ಲ ಅವಳೂ ಹೋಗುತ್ತಿದ್ದಳು. ಉತ್ತರದ ಒಣ ಬಯಲಿನ ತಗಡಿನ ಅಡುಗೆಮನೆಗಳಲ್ಲಿ ಬೆಳಗಿನ ನಾಲ್ಕೂವರೆಗೆ ಒಲೆ ಹೊತ್ತಿಸಿದರೆ ಹದಿನಾಲ್ಕು ಗಂಡಸರಿಗೆ ದಿನಕ್ಕೆ ಐದು ಹೊತ್ತು ಬಡಿಸಬೇಕು. ಬೆಳಗ್ಗೆ ಚಾಪ್ಸು, ಮೊಟ್ಟೆ. ಟೀ ಹೊತ್ತಿಗೆ ಬನ್ನು. ಮಧ್ಯಾಹ್ನ ಹುರಿದ ಕುರಿತೊಡೆ. ಮೂರು ಗಂಟೆಗೆ ಕೇಕು. ಸಂಜೆ ಮತ್ತೆ ಮಾಂಸ, ಆಲೂಗಡ್ಡೆ. ತಾನು ಕೂತು ಉಂಡದ್ದು ಕಡಿಮೆ. ನಿಂತಲ್ಲೇ, ಪಾತ್ರೆಯ ತಳ ಕೆರೆಯುತ್ತ ತಿನ್ನುವುದು ರೂಢಿಯಾಗಿತ್ತು. ಅರವತ್ತು ದಾಟುವಷ್ಟರಲ್ಲಿ ಅವಳ ತೂಕ ನೂರ ಹದಿನೆಂಟು ಕಿಲೋ ಆಗಿತ್ತು. ಎರಡೂ ಮೊಣಕಾಲು ಸವೆದುಹೋಗಿದ್ದವು.

ಕೆಲಸ ಬಿಟ್ಟಮೇಲೆ ಅವಳೂ ಗಂಡ ಡೆಸ್ಸೂ ಪೋರ್ಟ್ ಹ್ಯಾನಿಗೆ ಬಂದು ನೆಲೆಸಿದರು. ಸಮುದ್ರಕ್ಕೆ ಎರಡು ಬೀದಿ ಈಚೆಗೆ ಮನೆ. ಡೆಸ್ ದಿನಾ ಕಡಲೊಳಗೆ ಚಾಚಿದ ಧಕ್ಕೆಯ ತುದಿಗೆ ಹೋಗಿ ಗಾಳ ಹಾಕುತ್ತಿದ್ದ. ಕಾಣೆ ಮೀನು ಸಿಕ್ಕಿದರೆ ತರುತ್ತಿದ್ದ, ಇಲ್ಲದಿದ್ದರೆ ಸುದ್ದಿ ತರುತ್ತಿದ್ದ. ರೇಲೀನ್ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಮಳೆಯೇ ಕಾಣದ ಸೀಮೆಯಲ್ಲಿ. ಸೊಂಟಕ್ಕಿಂತ ಆಳದ ನೀರಿನಲ್ಲಿ ಅವಳು ನಿಂತವಳೇ ಅಲ್ಲ.

ಅರವತ್ತೆರಡನೆಯ ವರ್ಷ ಡಾಕ್ಟರು ನೇರವಾಗಿ ಹೇಳಿದರು. "ಮೊಣಕಾಲು ಬದಲಿಸೋದು ಬದಲಿಸ್ತಾರೆ. ಆದ್ರೆ ಈಗಿರೋ ಹಾಗೆ ಯಾವ ಸರ್ಜನ್ನೂ ನಿಮ್ಮನ್ನ ಮುಟ್ಟಲ್ಲ. ಸಕ್ಕರೆ ಇಳೀಬೇಕು, ತೊಡೆ ಗಟ್ಟಿಯಾಗ್ಬೇಕು."

"ನಡೆಯೋಕೇ ಆಗ್ದಿದ್ದಮೇಲೆ ತೊಡೆ ಎಲ್ಲಿಂದ ಗಟ್ಟಿ ಮಾಡ್ಲಿ?"

"ನೀರಲ್ಲಿ ನಡೀರಿ. ನೀರು ಭಾರ ಹೊರುತ್ತೆ."

"ನನ್ನ ಭಾರ ಹೊರೋ ನೀರು ಇನ್ನೂ ಹುಟ್ಟಿಲ್ಲ ಬಿಡಿ."

ಹಾಗೆಂದಳೇ ಹೊರತು ಮಾತು ಮನಸ್ಸಿನಲ್ಲಿ ಉಳಿಯಿತು. ಈಜುಡುಗೆ ಕೊಳ್ಳಲು ದೊಡ್ಡ ಊರಿಗೆ ಹೋದಳು. ಅಲ್ಲಿನ ಅಂಗಡಿಯ ಹುಡುಗಿ ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಹುಡುಕದೆಯೇ, "ನಿಮ್ಮ ಅಳತೇದು ಇಲ್ಲ" ಎಂದಳು. ರೇಲೀನ್ ಇದ್ದುದರಲ್ಲಿ ದೊಡ್ಡದಾದ ಎರಡನ್ನು ತಂದು, ಬಿಚ್ಚಿ, ಜೋಡಿಸಿ ಹೊಲಿದು ಒಂದು ಮಾಡಿಕೊಂಡಳು. ಅದರ ಮೇಲೆ ಡೆಸ್‌ನ ಚೌಕಳಿ ಅಂಗಿ, ಮಂಡಿವರೆಗಿನ ಚಡ್ಡಿ. ಆ ಸೀಮೆಗೆ ಬೇಸಿಗೆ ಕಾಲಿಡುವ ನವೆಂಬರಿನ ಒಂದು ಬೆಳಗ್ಗೆ ಏಳು ಗಂಟೆಗೆ ಹಾಗೆ ಹೊರಟಳು.

ಧಕ್ಕೆಯ ಬುಡದಲ್ಲಿ ಕಲ್ಲುಗೋಡೆ ಕಟ್ಟಿದ ಕಡಲಕೊಳವಿದೆ. ಉಬ್ಬರದಲ್ಲಿ ತುಂಬುತ್ತದೆ, ಇಳಿತದಲ್ಲಿ ಎದೆಮಟ್ಟ ಉಳಿಯುತ್ತದೆ. ಇಳಿಯಲು ಒಂದು ಕಬ್ಬಿಣದ ಏಣಿ. ಬೆಳಗ್ಗೆ ಅಲ್ಲಿ ಏಳೆಂಟು ಹೆಂಗಸರು ಈಜುತ್ತಿದ್ದರು. ಅವರಿಗೆಲ್ಲ ಹಿರಿಯಳು ನೋಲಾ ಪಾಸ್ಕೋ; ಆ ಊರಿನ ಅಂಚೆಕಚೇರಿಯನ್ನು ಇಪ್ಪತ್ತಾರು ವರ್ಷ ನಡೆಸಿ ನಿವೃತ್ತಳಾದವಳು, ಆಗ ಎಪ್ಪತ್ತನಾಲ್ಕರವಳು, ಕಡ್ಡಿಯಂಥ ಹೆಂಗಸು. ಬಹಳ ಹಿಂದೆ ಅವಳ ಒಂದು ಮೊಲೆಯನ್ನು ತೆಗೆದಿದ್ದರು. ಅದರ ಜಾಗದಲ್ಲಿ ಅವಳು ಏನನ್ನೂ ತುರುಕಿಕೊಂಡಿರಲಿಲ್ಲ. ಈಜುಡುಗೆ ಆ ಕಡೆ ಸಪಾಟಾಗಿತ್ತು.

ಇಳಿಯುವುದು ಸುಲಭವಾಯಿತು. ಅಂಗಿಯೊಳಗೆ ಗಾಳಿ ಸೇರಿ ಬಲೂನಿನಂತೆ ಗಲ್ಲದವರೆಗೆ ಉಬ್ಬಿ ಬಂತು. ರೇಲೀನ್ ಅದನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಇನ್ನೊಂದು ಕೈಯಿಂದ ಗೋಡೆ ಹಿಡಿದು, ಅರ್ಧ ಗಂಟೆ ಅತ್ತಿತ್ತ ನಡೆದಳು. ಮೊಣಕಾಲು ನೋಯಲಿಲ್ಲ. ನೋಯುತ್ತಿಲ್ಲ ಎಂಬುದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹತ್ತುವಾಗ ಎರಡನೇ ಮೆಟ್ಟಿಲಿಗೆ ಕಾಲು ಮಡಚಲಿಲ್ಲ. ನೀರಿನಿಂದ ಈಚೆ ಬಂದಷ್ಟೂ ಮೈ ಭಾರವಾಯಿತು. ನೋಲಾ ಮೇಲಿನಿಂದ ಎಳೆದಳು, ಇಬ್ಬರು ಕೆಳಗಿನಿಂದ ತಳ್ಳಿದರು. ಧಕ್ಕೆಯ ಮೇಲೆ ಗಾಳ ಹಾಕಿ ಕೂತಿದ್ದ ಗಾರ್ತ್ ಎಂಬವನು ಬಗ್ಗಿ ನೋಡಿದ.

"ಏನ್ರೇ, ತಿಮಿಂಗಿಲ ಈ ಸಲ ಬೇಗನೇ ಬಂದ್ಬಿಡ್ತಾ? ಕ್ರೇನ್ ತರಿಸ್ಲಾ?"

ಅಲ್ಲಿದ್ದವರಿಗೆಲ್ಲ ಕೇಳಿಸಿತು. ಧಕ್ಕೆಯ ಮೇಲಿದ್ದ ಡೆಸ್‌ಗೂ ಕೇಳಿಸಿತು, ಅವನು ಗಾಳದ ದಾರ ಸುತ್ತತೊಡಗಿದ. ಉಣ್ಣೆ ಕತ್ತರಿಸುವವರ ಕುಚೋದ್ಯಕ್ಕೆಲ್ಲ ಮೂವತ್ತೊಂದು ವರ್ಷ ಒಂದಕ್ಕೆರಡು ತಿರುಗಿ ಕೊಟ್ಟಿದ್ದ ರೇಲೀನ್ ಆಗ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡಳು. ನೀರು ಸೋರುತ್ತ ಮನೆಗೆ ಹೋದಳು. ಒಂಬತ್ತು ದಿನ ಬಾಗಿಲಾಚೆ ಬರಲಿಲ್ಲ.

ಹತ್ತನೇ ದಿನ ನೋಲಾ ಅವಳ ಅಡುಗೆಮನೆಯಲ್ಲಿ ಬಂದು ಕೂತಳು.

"ನಿನ್ನನ್ನ ಮೇಲೆ ಎಳೆಯೋವಾಗ ನನ್ನ ಸೊಂಟ ಹಿಡ್ಕೊಂಡಿದೆ. ಹ್ಯಾಗಿದ್ದೀಯಾ ಅಂತ ಕೇಳೋಕಾದ್ರೂ ಬರ್ಬೇಡ್ವೇನೇ?"

"ಅವನಂದಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು. ನಂಗೆ ಆಪರೇಷನ್ ಆದ್ಮೇಲೆ ಮೊದಲ ಸಲ ನೀರಿಗಿಳಿದಾಗ್ಲೂ ಅಂದಿದ್ದ, ಒಂದು ಕಡೆ ವಾಲ್ಕೊಂಡು ಈಜ್ತಾಳೆ ನೋಡ್ರೋ ಅಂತ."

"ನೀನೇನಂದೆ?"

"ಏನೂ ಅನ್ಲಿಲ್ಲ. ಮಾರನೇ ದಿನಾನೂ ಹೋದೆ. ಅವನ ಹತ್ರ ಇದ್ದಿದ್ದು ಅದೊಂದೇ ಜೋಕು, ಎರಡನೇ ದಿನಕ್ಕೆ ಖಾಲಿ." ನೋಲಾ ಕೇಕಿನ ಇನ್ನೊಂದು ತುಂಡಿಗೆ ಕೈ ಹಾಕಿದಳು. "ಏಣಿ ಬೇಡ ನಿಂಗೆ. ಕೊಳದ ಆಚೆ ದೋಣಿ ಇಳಿಸೋ ಇಳಿಜಾರಿದೆಯಲ್ಲ, ಅಲ್ಲಿಂದ ನಡ್ಕೊಂಡು ಬಾ. ದೋಣಿ ಇಳಿಯೋ ಜಾಗದಲ್ಲಿ ನೀನು ಇಳಿಯೋಕಾಗಲ್ವಾ?"

"ನಾನೇನು ದೋಣೀನಾ?"

"ದೋಣಿಗೆ ಇಷ್ಟು ಬಾಯಿ ಇರಲ್ಲ. ನಾಳೆ ಏಳು ಗಂಟೆ."

ಹೀಗೆ ಮತ್ತೆ ಶುರುವಾಯಿತು. ಇಳಿಜಾರಿನ ಪಕ್ಕದ ಮರಳು ತಳದ ನೀರಿನಲ್ಲಿ ರೇಲೀನ್ ಮೂರು ವಾರ ಬರೀ ನಡೆದಳು. ನಾಲ್ಕನೆಯ ವಾರ ನೋಲಾ ಅವಳ ಅಂಗಿಯ ಕಾಲರು ಹಿಡಿದು ಹೇಳಿದಳು: "ಇದು ನಿನ್ನನ್ನ ಮುಚ್ತಾ ಇಲ್ಲ ಕಣೇ, ಮುಳುಗಿಸ್ತಾ ಇದೆ. ತೆಗಿ."

ರೇಲೀನ್ ದಡದತ್ತ ಒಮ್ಮೆ, ಧಕ್ಕೆಯತ್ತ ಒಮ್ಮೆ ನೋಡಿದಳು. ಆಮೇಲೆ ಕುತ್ತಿಗೆವರೆಗಿನ ನೀರಿನಲ್ಲಿ ನಿಂತೇ ಗುಂಡಿ ಬಿಚ್ಚಿ ಅಂಗಿಯನ್ನು ಬಂಡೆಯ ಮೇಲೆ ಎಸೆದಳು. ಮುಂಗೈಯಿಂದ ತೋಳಿನವರೆಗೆ ಒಲೆಯ ಬಾಗಿಲು ತಾಗಿ ಸುಟ್ಟ ಗೆರೆಗಳಿದ್ದವು, ಒಂದರ ಮೇಲೊಂದು. ತೋಳಿನ ಮಾಂಸ ಇಳಿಬಿದ್ದಿತ್ತು. ಪಕ್ಕದಲ್ಲಿ ಒಬ್ಬಳು ತನ್ನ ಸೊಸೆ ಕಿಟಕಿಗೆ ಹಾಕಿದ ಪರದೆಯ ಬಣ್ಣದ ಬಗ್ಗೆ ದೂರುತ್ತಿದ್ದಳು. ಅವಳು ಈ ಕಡೆ ಒಮ್ಮೆ ತಿರುಗಿ, ಮತ್ತೆ ಪರದೆಯ ಮಾತನ್ನೇ ಮುಂದುವರಿಸಿದಳು.

ತೇಲುವುದು ಕಲಿಸುವ ಕೆಲಸವೇ ಬರಲಿಲ್ಲ. ನೋಲಾ ಬೆನ್ನ ಕೆಳಗೆ ಅಂಗೈ ಇಟ್ಟು ಮಲಗು ಎಂದಳು. ಮಲಗಿದವಳು ಅಲುಗದೆ ತೇಲಿದಳು. ಮುಳುಗಬೇಕೆಂದರೂ ಆಗಲಿಲ್ಲ.

"ನೋಡು, ನಾನು ಮೂಳೆ ಮೂಟೆ. ಕೈಕಾಲು ಬಡೀದಿದ್ರೆ ಕಲ್ಲಿನ ಹಾಗೆ ತಳಕ್ಕೆ ಹೋಗ್ತೀನಿ. ನಿಂಗೆ ಪುಕ್ಕಟೆ ಸಿಕ್ಕಿದೆ," ಎಂದಳು ನೋಲಾ. ಅವಳ ದನಿಯಲ್ಲಿ ನಿಜವಾಗಿಯೂ ಹೊಟ್ಟೆಕಿಚ್ಚಿತ್ತು. ರೇಲೀನ್‌ಳ ಮೈ ನೋಡಿ ಒಬ್ಬರು ಹೊಟ್ಟೆಕಿಚ್ಚುಪಟ್ಟದ್ದು ಅದೇ ಮೊದಲು.

ಕಷ್ಟವಾದದ್ದು ಮುಖ ನೀರಿಗಿಡುವುದು. ನೀರು ಮೂಗಿಗೆ ತಾಗಿದ ಕೂಡಲೇ ಉಸಿರು ಬಿಗಿಹಿಡಿಯುತ್ತಿದ್ದಳು, ಕೈ ಗೋಡೆ ಹುಡುಕುತ್ತಿತ್ತು. ಅದಕ್ಕೆ ಮನೆಯಲ್ಲೇ ಅಭ್ಯಾಸಕ್ಕಿಳಿದಳು. ತಂಡಕ್ಕೆ ಬ್ರೆಡ್ಡಿನ ಹಿಟ್ಟು ಕಲಸುತ್ತಿದ್ದ ದೊಡ್ಡ ಬೋಗುಣಿಗೆ ನೀರು ತುಂಬಿ ಮೇಜಿನ ಮೇಲಿಟ್ಟು ಮುಖ ಅದ್ದುತ್ತಿದ್ದಳು. ಒಂದು ದಿನ ಡೆಸ್ ಮೀನಿನ ಬುಟ್ಟಿ ಹಿಡಿದು ಒಳಗೆ ಬಂದವನು ಬಾಗಿಲಲ್ಲೇ ನಿಂತ.

"ರೇ, ಏನ್ಮಾಡ್ತಿದ್ದೀಯೇ?"

ಅವಳು ತಲೆ ಎತ್ತಿದಳು. "ಉಸಿರು ಬಿಡೋದು ಕಲೀತಿದ್ದೀನಿ."

"ಅರವತ್ತೆರಡು ವರ್ಷ ಏನ್ಮಾಡ್ತಿದ್ದೆ ಮತ್ತೆ?"

"ಹಿಡ್ಕೊಂಡಿದ್ದೆ," ಎಂದು ಅವಳು ಮತ್ತೆ ಮುಖ ಅದ್ದಿದಳು.

ಅದಕ್ಕೆ ಏಳು ವಾರ ಹಿಡಿಯಿತು. ಮಾರ್ಚಿನಲ್ಲಿ ಕೊಳದ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ನಲವತ್ತು ಮೀಟರು, ನಡುವೆ ನಿಲ್ಲದೆ ಈಜಿದಳು. ನೋಡಲು ಚೆಂದವೇನೂ ಇರಲಿಲ್ಲ. ಎಡಗೈ ತಡವಾಗಿ ಬೀಳುತ್ತಿತ್ತು, ಕಾಲು ಅಗಲವಾಗುತ್ತಿತ್ತು. ಜೂನಿನ ಚಳಿಗೆ ಉಳಿದವರು ಒಬ್ಬೊಬ್ಬರಾಗಿ ಬಿಟ್ಟರು. ನೋಲಾ, ಪರದೆಯ ಹೆಂಗಸು, ರೇಲೀನ್ ಮೂವರೇ ಉಳಿದರು. ಮೈ ಕೆಂಪಾಗಿ, ಹಲ್ಲು ಕಟಕಟಿಸುತ್ತ ಹೊರಬಂದು ಒಂದೇ ಫ್ಲಾಸ್ಕಿನಿಂದ ಟೀ ಕುಡಿಯುತ್ತಿದ್ದರು. ಆ ಚಳಿಗಾಲದಲ್ಲೇ ಒಂದು ದಿನ ಉಬ್ಬರಕ್ಕೆ ಇಳಿಜಾರು ಮುಳುಗಿ, ಅಲ್ಲಿ ಅಲೆ ಬಡಿಯುತ್ತಿತ್ತು. ಬೇರೆ ದಾರಿಯಿಲ್ಲದೆ ಅವಳು ಏಣಿ ಹತ್ತಿದಳು. ಯಾರೂ ತಳ್ಳಲಿಲ್ಲ. ಗಾರ್ತ್ ಎಂದಿನ ಜಾಗದಲ್ಲಿ ಕೂತಿದ್ದ. "ಥಂಡಿ ಇದೆಯಲ್ಲಾ," ಎಂದ. "ಇದೆ," ಎಂದು ಅವಳು ಮುಂದೆ ಹೋದಳು.

ನೀರಿಗಿಳಿದು ವರ್ಷ ತುಂಬುವ ಹೊತ್ತಿಗೆ ಡಾಕ್ಟರು ಪರೀಕ್ಷೆ ಮಾಡಿದಾಗ ಸಕ್ಕರೆ ಇಳಿದಿತ್ತು, ರಕ್ತದೊತ್ತಡ ಇಳಿದಿತ್ತು. ತೂಕ ಹನ್ನೊಂದು ಕಿಲೋ ಕಡಿಮೆಯಾಗಿತ್ತು, ಅಷ್ಟೇ. ಕನ್ನಡಿಯಲ್ಲಿ ಅವಳು ಮೊದಲಿನಂತೆಯೇ ದಪ್ಪಗೆ ಕಾಣುತ್ತಿದ್ದಳು. ಆದರೆ ಬೆನ್ನು ನೆಟ್ಟಗಾಗಿತ್ತು. ಅಂಗಡಿಗೆ ಕಾರಿಲ್ಲದೆ ಹೋಗುತ್ತಿದ್ದಳು.

ಆ ನವೆಂಬರಿನಲ್ಲಿ ಟ್ರೆವರ್‌ನ ಫೋನು ಬಂತು. ಅವನು ಅವಳ ಹಳೆಯ ತಂಡದ ಯಜಮಾನ. ಅಡುಗೆಯವನು ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ.

"ಮೂರೇ ವಾರ ಕಣಮ್ಮಾ. ಯಾರಬಿನ್‌ನಲ್ಲಿ. ಇವರೇ ಬೇಯಿಸ್ಕೊಂಡು ತಿಂತಿದ್ದಾರೆ, ಇನ್ನೊಂದು ವಾರ ಬಿಟ್ರೆ ಒಬ್ಬರನ್ನೊಬ್ಬರು ಕತ್ತರಿಸ್ತಾರೆ."

ಡೆಸ್ ಬೇಡ ಎಂದ. ಅವಳು ಹೋದಳು.

ಉತ್ತರದ ಒಣ ಬಯಲಿನ ಯಾರಬಿನ್ ಕುರಿಫಾರಂನಲ್ಲಿ ಸೆಕೆ ನಲವತ್ತೊಂದು ಡಿಗ್ರಿ. ಮೂರು ಗಂಟೆಯ ಟೀ ಮುಗಿದ ಮೇಲೆ ಸಂಜೆಯ ಊಟದ ಕೆಲಸ ಹಚ್ಚುವವರೆಗೆ ಒಂದೂವರೆ ಗಂಟೆ ಬಿಡುವು. ಹಿಂದೆಲ್ಲ ಆ ಹೊತ್ತಿನಲ್ಲಿ ಅವಳು ನೆಲದ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು ಬಿದ್ದುಕೊಳ್ಳುತ್ತಿದ್ದಳು. ಉಣ್ಣೆ ಕತ್ತರಿಸುವ ಶೆಡ್ಡಿನ ಹಿಂದೆ ಕುರಿಗಳಿಗೆಂದು ತೋಡಿದ ದೊಡ್ಡ ಕೆರೆಯಿತ್ತು, ಟೀಯ ಬಣ್ಣದ ನೀರು. ಮೂರು ದಿನ ಅವಳು ಕಿಟಕಿಯಿಂದ ಅದನ್ನು ನೋಡಿದಳು. ನಾಲ್ಕನೆಯ ದಿನ ಈಜುಡುಗೆ ತೊಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟಳು. ಕೆರೆಗೆ ಹೋಗಲು ಶೆಡ್ಡಿನ ತೆರೆದ ಬದಿಯನ್ನು ದಾಟಲೇಬೇಕು. ಒಳಗೆ ಎಂಟು ಮಂದಿ ಸಾಲಾಗಿ ಬಗ್ಗಿ ಕುರಿಗಳನ್ನು ಕಾಲ ನಡುವೆ ಹಿಡಿದು ಯಂತ್ರದಿಂದ ಉಣ್ಣೆ ಕತ್ತರಿಸುತ್ತಿದ್ದರು. ಕುಕ್ ಆದ್ದರಿಂದ ಅವರು ಅವಳನ್ನು ಕುಕ್ಕಿ ಎಂದು ಕರೆಯುತ್ತಿದ್ದರು. ಏಪ್ರನ್ನಿಲ್ಲದ ಕುಕ್ಕಿಯನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

ಮೊದಲು ನೋಡಿದವನು ಮ್ಯಾಕಾ. ಅವಳ ಕೈಯಡುಗೆ ಇಪ್ಪತ್ತು ವರ್ಷ ಉಂಡವನು. "ಏನು ಕುಕ್ಕಿ, ಇದ್ದ ಬಟ್ಟೆ ಎಲ್ಲಾ ಒಗೆಯೋಕೆ ಹಾಕ್ಬಿಟ್ಯಾ?"

"ನಿನ್ನ ಮುಖ ನೋಡಿದ್ಮೇಲೆ ತಲೆಗೆ ನೀರು ಹಾಕ್ಕೊಳ್ಳೇಬೇಕು ಅನ್ನಿಸ್ತು ಕಣೋ."

ಶೆಡ್ಡೆಲ್ಲ ನಕ್ಕಿತು. ಅವಳು ನಡಿಗೆ ಬಿರುಸು ಮಾಡಲಿಲ್ಲ. ಕೆಸರಿನ ಅಂಚು ದಾಟಿ ನೀರಿಗಿಳಿದಳು. ಮೇಲಿನ ಒಂದು ಗೇಣು ಬಿಸಿ, ಕೆಳಗೆ ತಣ್ಣಗೆ. ಈ ದಡದಿಂದ ಆ ದಡಕ್ಕೆ ಹೋಗಿ ಬಂದಳು, ಮತ್ತೆ ಹೋದಳು. ಎಷ್ಟು ಸಲವೆಂದು ಲೆಕ್ಕ ತಪ್ಪಿತು. ಹೊತ್ತು ಹೋದದ್ದೂ ತಿಳಿಯಲಿಲ್ಲ. ಐದೂವರೆಗೆ ಯಂತ್ರಗಳ ಸದ್ದು ನಿಂತದ್ದು ನೀರೊಳಗಿನ ಕಿವಿಗೆ ಕೇಳಿಸಲಿಲ್ಲ. ತಲೆ ಎತ್ತಿದಾಗ ದಂಡೆಯಲ್ಲಿ ಗಂಡಸರು ಬೆವರಿನ ಬನಿಯನ್ನಿನಲ್ಲಿ ಸಾಲಾಗಿ ನಿಂತಿದ್ದರು.

"ನಡುವೆ ಎಷ್ಟು ಆಳ ಇದೆ?" ಮ್ಯಾಕಾ ಕೇಳಿದ.

"ಗೊತ್ತಿಲ್ಲ. ತಳ ಮುಟ್ಟಿ ನೋಡಿಲ್ಲ."

ಅವನು ನೀರನ್ನೇ ನೋಡಿದ. "ನಂಗೆ ಈಜು ಬರಲ್ಲ," ಎಂದ. ಬೇರೆಯವರು ಯಾರೂ ನಗಲಿಲ್ಲ. ಅವರಲ್ಲಿ ಈಜು ಬರುತ್ತಿದ್ದವನು ಒಬ್ಬನೇ, ಅವನು ಕರಾವಳಿಯ ಕಡೆಯವನು.

ರೇಲೀನ್ ನೀರು ಸೋರುತ್ತ ಮೇಲೆ ಬಂದಳು. ಟವೆಲ್ಲನ್ನು ಎತ್ತಿಕೊಂಡು ಮೊದಲು ಕೂದಲು ಒರೆಸಿದಳು, ಆಮೇಲೆ ಕಿವಿ. ಮೈಗೆ ಸುತ್ತಿಕೊಳ್ಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂಬುದು ಗಮನಕ್ಕೆ ಬಂದದ್ದೂ ಅಡುಗೆಮನೆಗೆ ಹೋಗಿ ಆಲೂಗಡ್ಡೆ ಸುಲಿಯುವಾಗ.

"ಊಟ ಎಷ್ಟೊತ್ತಿಗೆ ಕುಕ್ಕಿ?" ಟ್ರೆವರ್ ಹಿಂದಿನಿಂದ ಕೂಗಿದ.

"ಮುಕ್ಕಾಲು ಗಂಟೆ ತಡ."

ಅವಳ ಊಟ ತಡವಾದದ್ದು ಅದೇ ಮೊದಲು. ಗಂಡಸರು ಗೊಣಗಿದರು, ತಟ್ಟೆ ಬಡಿದರು. ಅವಳು ಗೊಣಗಲು ಬಿಟ್ಟಳು. ಮಾರನೆಯ ದಿನದಿಂದ ಮಾಂಸವನ್ನು ಮೊದಲೇ ಒಲೆಗಿಟ್ಟು ಹೋಗತೊಡಗಿದಳು. ಉಳಿದ ದಿನಗಳಲ್ಲಿ ಮ್ಯಾಕಾ ಎರಡು ಸಲ ಕೆಸರಿನವರೆಗೆ ಬಂದು, ಬೂಟು ಬಿಚ್ಚಿ, ಮಂಡಿಮಟ್ಟ ನಿಂತು ಹೋದ. ಅವನು ಕೇಳಲಿಲ್ಲ, ಅವಳು ಕರೆಯಲಿಲ್ಲ.

ಊರಿಗೆ ಮರಳಿದ ಮುಂದಿನ ವರ್ಷ ಎಡಗಾಲಿನ ಆಪರೇಷನ್ ಆಯಿತು. ಸರ್ಜನ್ ಅವಳ ತೊಡೆ ಒತ್ತಿ ನೋಡಿ, ಸೈಕಲ್ ಹೊಡೀತೀರಾ ಎಂದು ಕೇಳಿದರಂತೆ. ಗಾಯ ಮಾಯುವವರೆಗೆ ಆರು ವಾರ ನೀರಿಗಿಳಿಯುವಂತಿರಲಿಲ್ಲ. ಆ ಆರು ವಾರ ಮನೆಯಲ್ಲಿ ತನ್ನ ಪಾಡು ನಾಯಿಗೂ ಬೇಡ ಎಂದು ಡೆಸ್ ಧಕ್ಕೆಯ ಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಏಳನೆಯ ವಾರದ ಸೋಮವಾರ ಅವಳು ಇಳಿದಳು.

ಈಗ ಅವಳಿಗೆ ಅರವತ್ತಾರು. ನೋಲಾ ಸೊಂಟದ ನೋವಿಗೆ ವಾರಕ್ಕೆರಡೇ ದಿನ ಬರುತ್ತಾಳೆ. ಬಲಗಾಲಿನದೂ ಮಾಡಿಬಿಡೋಣ ಎಂದು ಆಸ್ಪತ್ರೆಯಿಂದ ಕಾಗದ ಬಂದಿದೆ, ನಡುಬೇಸಿಗೆಯ ಜನವರಿಗೆ ದಿನ ಕೊಟ್ಟಿದ್ದಾರೆ, ಆಮೇಲೆ ಮತ್ತೆ ಆರು ವಾರ ನೀರಿಗಿಳಿಯುವಂತಿಲ್ಲ. ಬೇಸಿಗೆ ಕಳೀಲಿ ಎಂದು ರೇಲೀನ್ ತಿರುಗಿ ಬರೆದಿದ್ದಾಳೆ.